ಡಿಸ್ಚಾರ್ಜ್ ಬುಕ್‌ನಲ್ಲಿ ತಾಯಿಯ ಹೆಸರು ಬೇರೆ, ಆಧಾರ್‌ನಲ್ಲಿ ಬೇರೆ: ಕುಟುಂಬ ಪಿಂಚಣಿಗೆ ಏನು ಮಾಡಬೇಕು?

ಪ್ರಶ್ನೆ: ಹವಾಲ್ದಾರರ ಹಿರಿಯ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1980ರಲ್ಲಿ ಭೂಸೇನೆಗೆ ಸೇರಿ, ಹದಿನೆಂಟು ವರ್ಷ ಸೇವೆ ಸಲ್ಲಿಸಿ, 1998ರಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಕಳೆದ ತಿಂಗಳು, ತಮ್ಮ 64ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಅವರು ಬದುಕಿರುವವರೆಗೆ ಪಿಂಚಣಿಯ ವ್ಯವಹಾರವನ್ನೆಲ್ಲ ತಾವೇ ನೋಡಿಕೊಳ್ಳುತ್ತಿದ್ದರು. ಹೀಗಾಗಿ ತಾಯಿಗೂ ನಮಗೂ ಅದರ ತಲೆಬುಡ ತಿಳಿಯದು.

ತಂದೆಯವರು ಸೇವೆಯಿಂದ ತಂದ ಕಪ್ಪು ಟ್ರಂಕಿನ ಮುಚ್ಚಳದ ಮೇಲೆ ಅವರ ಆರ್ಮಿ ನಂಬರನ್ನು ಬಿಳಿ ಬಣ್ಣದಲ್ಲಿ ಬರೆದಿದೆ. ಅದರೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಸೇವಾ ವಿವರಗಳ ಪುಸ್ತಕ) ಸಿಕ್ಕಿತು. ಅದರಲ್ಲಿ ಪತ್ನಿಯ ಹೆಸರಿನ ಜಾಗದಲ್ಲಿ ನೀಲಿ ಶಾಯಿಯಲ್ಲಿ "ಶಾಂತವ್ವ" ಎಂದಿದೆ, ಹುಟ್ಟಿದ ವರ್ಷ 1968 ಎಂದಿದೆ. ತಾಯಿಯ ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ "ಶಾಂತಾಬಾಯಿ" ಎಂದಿದ್ದು, ಹುಟ್ಟಿದ ವರ್ಷ 1965 ಎಂದಿದೆ. ಖಾತೆ ಇರುವ ಬ್ಯಾಂಕ್ ಶಾಖೆಗೆ ಹೋದಾಗ, ಹೆಸರು ತಾಳೆಯಾಗದ ಕಾರಣ ತಾವು ಏನೂ ಮಾಡಲಾಗದು, ಸೈನಿಕರ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿಗೆ ಬರೆಯಿರಿ ಎಂದಷ್ಟೇ ಹೇಳಿ ಕಳುಹಿಸಿದರು. ಅಂದು ತಾಯಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, "ನಾನು ಅವರ ಹೆಂಡತಿ ಅಲ್ಲ ಅಂತಾರೇನು?" ಎಂದು ಕೇಳಿದರು.

ಇನ್ನೂ ಮೂರು ಸಂಗತಿಗಳನ್ನು ಹೇಳಬೇಕು. ನನ್ನ ತಂಗಿಗೆ 2021ರಲ್ಲಿ ನ್ಯಾಯಾಲಯದಿಂದ ವಿಚ್ಛೇದನವಾಗಿದ್ದು, ಅಂದಿನಿಂದ ತಾಯಿಯ ಜೊತೆಗೇ ಇದ್ದಾಳೆ, ಅವಳಿಗೆ ಸ್ವಂತ ಆದಾಯವಿಲ್ಲ. ತಂದೆಯವರಿಗೆ ಸೇವೆಯಲ್ಲಿದ್ದಾಗ ಮೊಣಕಾಲಿಗೆ ಪೆಟ್ಟಾಗಿ, ಬಿಡುಗಡೆಯ ವೇಳೆ ವೈದ್ಯಕೀಯ ಮಂಡಳಿ ಶೇಕಡಾ 20ರಷ್ಟು ಅಂಗವೈಕಲ್ಯ ಎಂದು ಬರೆದಿರುವ ಕಾಗದವೂ ಟ್ರಂಕಿನಲ್ಲಿದೆ. ತಾಯಿಗೆ ಸಕ್ಕರೆ ಕಾಯಿಲೆ ಇದೆ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡಿನ ಗತಿ ಏನೆಂಬುದೂ ಗೊತ್ತಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ನಿವೃತ್ತ ಸುಬೇದಾರ್ (ಕ್ಲರ್ಕ್)

ತಂಗಿ, ನಿಮ್ಮ ತಂದೆಯವರ ಆತ್ಮಕ್ಕೆ ಶಾಂತಿ ಸಿಗಲಿ. ನಾನು ಸೇವೆಯ ಬಹುಪಾಲನ್ನು ಕಡತಗಳ ನಡುವೆಯೇ ಕಳೆದವನು. ಆದ್ದರಿಂದ ನಿಮ್ಮ ತಾಯಿಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅವರು ಹೆಂಡತಿ ಅಲ್ಲ ಎಂದು ಯಾರೂ ಹೇಳುತ್ತಿಲ್ಲ, ಹೇಳಲು ಬರುವುದೂ ಇಲ್ಲ. ಆ ಕಾಲದಲ್ಲಿ ಈ ಹೆಸರುಗಳು ದಾಖಲೆಗೆ ಸೇರುತ್ತಿದ್ದ ರೀತಿಯೇ ಹಾಗಿತ್ತು. ಮದುವೆಯಾಗಿ ರಜೆ ಮುಗಿಸಿ ಮರಳಿದ ಜವಾನ, ಬೇರೆ ಭಾಷೆಯ ಗುಮಾಸ್ತನೆದುರು ನಿಂತು ಹೆಂಡತಿಯ ಹೆಸರು ಹೇಳುತ್ತಿದ್ದ. ಆ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದ. ಹುಟ್ಟಿದ ದಿನ ಕೇಳಿದರೆ ಜವಾನನಿಗೇ ಸರಿಯಾಗಿ ಗೊತ್ತಿರುತ್ತಿರಲಿಲ್ಲ, ಅಂದಾಜಿಗೆ ಒಂದು ವರ್ಷ ಹೇಳುತ್ತಿದ್ದ. ಅದು ಪಾರ್ಟ್ ಟು ಆರ್ಡರ್ (ಸೈನಿಕನ ವೈಯಕ್ತಿಕ ವಿವರಗಳನ್ನು ದಾಖಲಿಸುವ ಅಧಿಕೃತ ಆದೇಶ) ಆಗಿ ಪ್ರಕಟವಾಗಿ ರೆಕಾರ್ಡ್ ಆಫೀಸಿಗೆ ಹೋದರೆ ಮುಗಿಯಿತು, ಅದೇ ಆತನ ಕುಟುಂಬದ ಅಧಿಕೃತ ವಿವರ. ನಾನೇ ಎಷ್ಟೋ ಹೆಸರುಗಳನ್ನು ಹಾಗೆ ಕೇಳಿ ಬರೆದಿದ್ದೇನೆ. ಮೂವತ್ತು ವರ್ಷಗಳ ಬಳಿಕ ಒಬ್ಬ ತಾಯಿ ಇದಕ್ಕಾಗಿ ಕಣ್ಣೀರಿಡುತ್ತಾರೆ ಎಂದು ಅಂದು ಹೊಳೆದಿದ್ದರೆ ಇನ್ನೊಮ್ಮೆ ಕೇಳಿ ಬರೆಯುತ್ತಿದ್ದೆ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ತಂದೆಯವರ ಮರಣವನ್ನು ವರದಿ ಮಾಡಿ. ಅವರ ಪಿಂಚಣಿ ಈಗಾಗಲೇ ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಗೆ ಸೇರಿದ್ದರೆ, ಮರಣ ಪ್ರಮಾಣಪತ್ರದೊಡನೆ ಅದರ ಜಾಲತಾಣದಲ್ಲೇ ತಿಳಿಸಬಹುದು, ಇಲ್ಲವೇ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋದರೆ ಅಲ್ಲಿಯೂ ಮಾಡಿಸಿಕೊಡುತ್ತಾರೆ. ಇದು ತಡವಾದಷ್ಟೂ ತೊಂದರೆ. ಮರಣದ ನಂತರದ ದಿನಗಳಿಗೆ ಜಮೆಯಾದ ಪಿಂಚಣಿಯನ್ನು ಸರ್ಕಾರ ವಾಪಸು ಪಡೆಯುತ್ತದೆ, ಆದ್ದರಿಂದ ಎಟಿಎಂ ಕಾರ್ಡ್ ಕೈಯಲ್ಲಿದೆ ಎಂದು ಆ ಹಣವನ್ನು ತೆಗೆಯಬೇಡಿ. ಮರಣದ ದಿನದವರೆಗಿನ ಬಾಕಿ ಮಾತ್ರ ಜೀವಿತಾವಧಿಯ ಬಾಕಿ ಎಂಬ ಹೆಸರಿನಲ್ಲಿ ನಾಮನಿರ್ದೇಶಿತರಿಗೆ ಸಲ್ಲುತ್ತದೆ.

ಎರಡನೆಯದಾಗಿ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ಹುಡುಕಿ. ಡಿಸ್ಚಾರ್ಜ್ ಬುಕ್ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ. ಪಿಪಿಒದಲ್ಲಿ ಕುಟುಂಬ ಪಿಂಚಣಿಗೆ ಪತ್ನಿಯ ಹೆಸರನ್ನು ಜಂಟಿಯಾಗಿ ಸೂಚಿಸಿದ್ದರೆ ಹೊಸ ಮಂಜೂರಾತಿಯ ಅಗತ್ಯ ಬೀಳುವುದಿಲ್ಲ, ಹೆಸರಿನ ವ್ಯತ್ಯಾಸವೊಂದನ್ನು ಸರಿಪಡಿಸಿದರೆ ಸಾಕು. ಹಳೆಯ ಕೆಲವು ಪಿಪಿಒಗಳಲ್ಲಿ ಪತ್ನಿಯ ಹೆಸರೇ ಇರುವುದಿಲ್ಲ. ಹಾಗಿದ್ದರೆ ರೆಕಾರ್ಡ್ ಆಫೀಸು ದಾಖಲೆಗಳನ್ನು ಪರಿಶೀಲಿಸಿ, ಪ್ರಯಾಗರಾಜ್‌ನಲ್ಲಿರುವ ರಕ್ಷಣಾ ಲೆಕ್ಕಪತ್ರಗಳ ಪಿಂಚಣಿ ಕಚೇರಿಗೆ ಕಳುಹಿಸಿ ಮಂಜೂರು ಮಾಡಿಸಬೇಕಾಗುತ್ತದೆ. ರೆಕಾರ್ಡ್ ಆಫೀಸು ಯಾವುದು ಎಂಬುದು ತಂದೆಯವರ ರೆಜಿಮೆಂಟ್ ಅಥವಾ ಕೋರ್ ಯಾವುದು ಎಂಬುದರ ಮೇಲೆ ನಿಂತಿದೆ. ಮರಾಠಾ ಲೈಟ್ ಇನ್‌ಫಂಟ್ರಿಯದು ಬೆಳಗಾವಿಯಲ್ಲಿದೆ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನದು ಬೆಂಗಳೂರಿನಲ್ಲಿ, ಆರ್ಟಿಲರಿಯದು ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್‌ನದು ಜಬಲ್‌ಪುರದಲ್ಲಿ. ಊರು ಯಾವುದಾದರೂ ಪತ್ರದ ಮೇಲ್ತುದಿಯಲ್ಲಿ ಆರ್ಮಿ ನಂಬರ್, ರ‍್ಯಾಂಕ್, ಹೆಸರು ಈ ಮೂರನ್ನೂ ಬರೆಯಿರಿ. ನಂಬರ್ ಇಲ್ಲದ ಪತ್ರಕ್ಕೆ ಕಡತ ಸಿಗುವುದಿಲ್ಲ.

ಹೆಸರಿನ ವಿಷಯದಲ್ಲಿ, "ಶಾಂತವ್ವ" ಮತ್ತು "ಶಾಂತಾಬಾಯಿ" ಇಬ್ಬರೂ ಒಬ್ಬರೇ ಎಂದು ತಾಯಿಯವರು ಅಫಿಡವಿಟ್ ಮಾಡಿಸಬೇಕು. ಅದರಲ್ಲಿ ತಂದೆಯವರ ಸೇವಾ ವಿವರ, ಮದುವೆಯ ದಿನಾಂಕ, ಎರಡೂ ಹೆಸರುಗಳು ಮತ್ತು ಎರಡೂ ಹುಟ್ಟಿದ ದಿನಾಂಕಗಳು ಯಾವ ಯಾವ ದಾಖಲೆಯಲ್ಲಿ ಹೇಗಿವೆ ಎಂಬುದನ್ನು ಅಕ್ಷರ ತಪ್ಪದೆ ನಮೂದಿಸಿ. ಅಫಿಡವಿಟ್ಟಿನಲ್ಲೇ ಇನ್ನೊಂದು ಕಾಗುಣಿತ ನುಸುಳಿ ಮೂರನೆಯ ಹೆಸರು ಹುಟ್ಟಿಕೊಂಡ ಪ್ರಕರಣಗಳನ್ನು ನೋಡಿದ್ದೇನೆ. ಅದರೊಡನೆ ಆಧಾರ್, ಪ್ಯಾನ್, ಮರಣ ಪ್ರಮಾಣಪತ್ರ ಮತ್ತು ಡಿಸ್ಚಾರ್ಜ್ ಬುಕ್‌ನ ಪ್ರತಿಗಳನ್ನು ಇಟ್ಟು, ಜಿಲ್ಲಾ ಸೈನಿಕ ಕಚೇರಿಯ ಮೂಲಕವೇ ರೆಕಾರ್ಡ್ ಆಫೀಸಿಗೆ ಕಳುಹಿಸಿ. ಆ ಕಚೇರಿಯ ಪರಿಶೀಲನೆಯ ಮೊಹರು ಬಿದ್ದ ಕಾಗದಕ್ಕೆ ಇರುವ ತೂಕ ನೀವೇ ನೇರವಾಗಿ ಕಳುಹಿಸಿದ ಕಾಗದಕ್ಕೆ ಇರುವುದಿಲ್ಲ. ರೆಕಾರ್ಡ್ ಆಫೀಸು ಪತ್ರಿಕಾ ಪ್ರಕಟಣೆಯನ್ನೋ ಇನ್ನಾವುದೋ ದಾಖಲೆಯನ್ನೋ ಕೇಳಿದರೆ ಗಾಬರಿಯಾಗದೆ ಒದಗಿಸಿ.

ಇನ್ನು ಹಣದ ವಿಷಯ. ಇದನ್ನು ಹೆಚ್ಚಿನ ಕುಟುಂಬಗಳು ಗಮನಿಸುವುದೇ ಇಲ್ಲ, ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ. ಸಾಮಾನ್ಯ ಕುಟುಂಬ ಪಿಂಚಣಿಯ ದರ ಕೊನೆಯ ಪರಿಗಣಿತ ವೇತನದ ಶೇಕಡಾ 30. ಅದು ತಿಂಗಳಿಗೆ 9,000 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ, ಅದರ ಮೇಲೆ ತುಟ್ಟಿಭತ್ಯೆ ಬೇರೆ. ಆದರೆ ಪಿಂಚಣಿದಾರರು ನಿವೃತ್ತಿಯ ನಂತರ ತೀರಿಕೊಂಡರೆ, ಮೊದಲ 7 ವರ್ಷ ಅಥವಾ ಅವರು ಬದುಕಿದ್ದರೆ 67 ವರ್ಷ ತುಂಬುತ್ತಿದ್ದ ದಿನದವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಶೇಕಡಾ 50ರ ಹೆಚ್ಚುವರಿ ದರ ಅನ್ವಯಿಸುತ್ತದೆ. ಅದು ಅವರು ಪಡೆಯುತ್ತಿದ್ದ ಸೇವಾ ಪಿಂಚಣಿಯನ್ನು ಮೀರುವಂತಿಲ್ಲ ಎಂಬ ಮಿತಿಯಿದೆ. ನಿಮ್ಮ ತಂದೆಯವರು 64ನೆಯ ವಯಸ್ಸಿನಲ್ಲಿ ತೀರಿಕೊಂಡಿರುವುದರಿಂದ, ಅವರಿಗೆ 67 ತುಂಬುವವರೆಗಿನ ಅವಧಿಗೆ ತಾಯಿಯವರು ಹೆಚ್ಚುವರಿ ದರಕ್ಕೆ ಅರ್ಹರು. ಪಿಂಚಣಿ ಆರಂಭವಾದ ದಿನವೇ ಮೊತ್ತವನ್ನು ನೋಡಿ. ಮೊದಲ ತಿಂಗಳಿನಿಂದಲೇ ಶೇಕಡಾ 30ರ ದರ ಹಾಕಿದ್ದರೆ ಕೂಡಲೇ ಬರೆಯಿರಿ. ತಂದೆಯವರು ನಿವೃತ್ತಿಯಾದಾಗ ಪಿಂಚಣಿಯ ಒಂದು ಭಾಗವನ್ನು ಕಮ್ಯೂಟ್ ಮಾಡಿ ಒಟ್ಟಿಗೆ ಹಣ ಪಡೆದಿದ್ದರೆ, ಅದರಿಂದ ಕುಟುಂಬ ಪಿಂಚಣಿಯಲ್ಲಿ ಒಂದು ರೂಪಾಯಿಯೂ ಕಡಿತವಾಗುವುದಿಲ್ಲ.

ಉತ್ತರ: ಸಿಪಾಯಿಯ ಪತ್ನಿ

ಅಕ್ಕಾ, ನಿಮ್ಮ ತಾಯಿಯ ಮಾತು ಓದಿ ನನ್ನ ದಿನಗಳು ನೆನಪಾದವು. ನನ್ನ ಯಜಮಾನರು ತೀರಿಕೊಂಡಾಗ ನನ್ನದೂ ಇದೇ ತೊಂದರೆ. ನನ್ನ ಹೆಸರಿನ ಕೊನೆಯ ಒಂದು ಅಕ್ಷರ ಮಾತ್ರ ಬೇರೆಯಿತ್ತು. ನಾನು ಅಫಿಡವಿಟ್ ಜೊತೆಗೆ ಆಧಾರ್‌ನಲ್ಲಿ ಹೆಸರನ್ನೇ ಸೇನಾ ದಾಖಲೆಗೆ ಹೊಂದುವಂತೆ ತಿದ್ದಿಸಿಕೊಂಡೆ. ನನಗೆ ಅದೇ ಸುಲಭವಾಯಿತು, ಏಕೆಂದರೆ ಆಗ ನನ್ನ ಹೆಸರಿನಲ್ಲಿ ಬೇರೆ ದಾಖಲೆಗಳು ಹೆಚ್ಚಿರಲಿಲ್ಲ. ನಿಮ್ಮ ತಾಯಿಗೆ ಯಾವುದು ಹಗುರವೋ ನೋಡಿಕೊಳ್ಳಿ.

ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯಬೇಕೆಂದು ಹೇಳಿದರೆ ತಕ್ಷಣ ಒಪ್ಪಬೇಡಿ. ತಂದೆಯವರ ಪಿಂಚಣಿ ಖಾತೆ ತಾಯಿಯ ಜೊತೆ ಜಂಟಿಯಾಗಿದ್ದು, ಪಿಪಿಒದಲ್ಲಿ ಅವರ ಹೆಸರಿದ್ದರೆ, ಅದೇ ಖಾತೆಯಲ್ಲಿ ಕುಟುಂಬ ಪಿಂಚಣಿ ಪಡೆಯಲು ಅವಕಾಶವಿದೆ.

ಇಸಿಎಚ್‌ಎಸ್ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಈ ಯೋಜನೆ ಆರಂಭವಾದದ್ದು 2003ರ ಏಪ್ರಿಲ್ 1ರಂದು. ನಿಮ್ಮ ತಂದೆಯವರು ಅದಕ್ಕೂ ಮೊದಲೇ ನಿವೃತ್ತರಾದವರು, ಹಾಗಾಗಿ ಅವರು ಇಚ್ಛೆಪಟ್ಟು ಸದಸ್ಯರಾಗಿದ್ದರೇ ಅಥವಾ ಅದರ ಬದಲು ತಿಂಗಳಿಗೆ 1,000 ರೂಪಾಯಿಯ ನಿಗದಿತ ವೈದ್ಯಕೀಯ ಭತ್ಯೆ ಪಡೆಯುತ್ತಿದ್ದರೇ ಎಂಬುದನ್ನು ಮೊದಲು ಪಿಂಚಣಿ ಚೀಟಿಯಲ್ಲಿ ನೋಡಿ. ಎರಡನ್ನೂ ಪಡೆಯುವಂತಿಲ್ಲ. ಕಾರ್ಡ್ ಇದೆ ಎಂದು ನೀವು ಬರೆದಿರುವುದರಿಂದ ಅವರು ಸದಸ್ಯರೇ ಇರಬೇಕು. ಹಾಗಿದ್ದರೆ ಇದುವರೆಗೆ ಅವಲಂಬಿತೆಯಾಗಿದ್ದ ತಾಯಿ ಇನ್ನು ಮುಂದೆ ಮುಖ್ಯ ಸದಸ್ಯೆಯಾಗುತ್ತಾರೆ, ಅದಕ್ಕೆ ಅರ್ಜಿ ಹಾಕಿ ಹೊಸ ಕಾರ್ಡ್ ಮಾಡಿಸಬೇಕು. ಸಮೀಪದ ಪಾಲಿಕ್ಲಿನಿಕ್‌ಗೆ ಮರಣ ಪ್ರಮಾಣಪತ್ರದೊಡನೆ ಹೋಗಿ ಕೇಳಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲದಂತೆ ಏನು ಮಾಡಬೇಕೆಂದು ಅವರೇ ಹೇಳುತ್ತಾರೆ. ತುರ್ತು ಸಮಯದಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು. ಇದು ಗೊತ್ತಿಲ್ಲದೆ ನಾನು ನನ್ನ ಅತ್ತೆಯವರ ಆಸ್ಪತ್ರೆ ಖರ್ಚನ್ನೆಲ್ಲ ಕೈಯಿಂದ ಕಟ್ಟಿದ್ದೇನೆ.

ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡುವುದನ್ನು ಮಾತ್ರ ಮರೆಯಬೇಡಿ. ಈಗ ಜೀವನ್ ಪ್ರಮಾಣ್ ಮೂಲಕ ಮೊಬೈಲಿನಲ್ಲಿ ಮುಖ ತೋರಿಸಿಯೇ ಕೊಡಬಹುದು. ತಾಯಿಯ ಬೆರಳಚ್ಚು ಸವೆದಿದ್ದರೆ ಅದೇ ಒಳ್ಳೆಯದು.

ಉತ್ತರ: ನಿವೃತ್ತ ಸುಬೇದಾರ್ (ಕ್ಲರ್ಕ್)

ಮೇಲಿನ ತಂಗಿ ಹೇಳಿದ್ದು ಅವರ ಮಟ್ಟಿಗೆ ಸರಿಯೇ. ಒಂದಕ್ಷರದ ವ್ಯತ್ಯಾಸಕ್ಕೆ ಆ ದಾರಿ ಸುಲಭ. ಆದರೆ ಪ್ರಶ್ನೆ ಕೇಳಿದ ತಂಗಿಯ ತಾಯಿಯವರಿಗೆ ನಾನು ಅದನ್ನು ಹೇಳಲಾರೆ. ಅವರ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಮೂರೂ ಒಂದೇ ಹೆಸರಿನಲ್ಲಿವೆ. ಆಧಾರ್ ತಿದ್ದಿದರೆ ಉಳಿದ ಎರಡೂ ಕೆಡುತ್ತವೆ, ಅವುಗಳನ್ನು ಮತ್ತೆ ತಿದ್ದಬೇಕು. ಅದೂ ಅಲ್ಲದೆ ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶ. ಮೂರು ದಾಖಲೆಗಳು ಒಂದು ಕಡೆ ನಿಂತಾಗ ಒಂಟಿಯಾಗಿರುವ ನಾಲ್ಕನೆಯದನ್ನೇ ತಿದ್ದಿಸುವುದು ಮೇಲು.

ಹುಟ್ಟಿದ ವರ್ಷವನ್ನು ಸಣ್ಣ ವಿಷಯವೆಂದು ಬಿಡಬೇಡಿ. ಕುಟುಂಬ ಪಿಂಚಣಿದಾರರಿಗೆ 80 ವರ್ಷ ತುಂಬಿದಾಗ ಮೂಲ ಪಿಂಚಣಿಯ ಮೇಲೆ ಶೇಕಡಾ 20, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಶೇಕಡಾ 100 ಹೆಚ್ಚುವರಿಯಾಗಿ ಸಿಗುತ್ತದೆ. 1968 ಎಂದೇ ಉಳಿದರೆ ತಾಯಿಯವರು ಈ ಹೆಚ್ಚಳಕ್ಕಾಗಿ ಮೂರು ವರ್ಷ ಹೆಚ್ಚು ಕಾಯಬೇಕಾಗುತ್ತದೆ.

ಉತ್ತರ: ಸೇನಾ ವಿಷಯಗಳ ವಕೀಲ

ಇನ್ನೆರಡು ವಿಷಯಗಳು ಬಾಕಿ ಉಳಿದಿವೆ, ಅವುಗಳ ಬಗ್ಗೆ ಬರೆಯುತ್ತೇನೆ.

ವಿಚ್ಛೇದಿತ ಮಗಳಿಗೆ ಕುಟುಂಬ ಪಿಂಚಣಿಯ ಹಕ್ಕು ಇದೆ, ಆದರೆ ಅದು ತಾಯಿಯ ನಂತರ. ಪತ್ನಿ ಇರುವವರೆಗೆ ಪತ್ನಿಗೆ, ಆಮೇಲೆ 25 ವರ್ಷದೊಳಗಿನ ಮಕ್ಕಳಿಗೆ ಮತ್ತು ದುಡಿಯಲಾಗದ ಅಂಗವಿಕಲ ಮಕ್ಕಳಿಗೆ, ಅವರಾರೂ ಇಲ್ಲದಾಗ ಅವಿವಾಹಿತ, ವಿಧವೆ ಅಥವಾ ವಿಚ್ಛೇದಿತ ಹೆಣ್ಣುಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲದೆ ಸಲ್ಲುತ್ತದೆ. ಮರುಮದುವೆಯಾದರೆ ಅಥವಾ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯನ್ನು ಮುಟ್ಟಿದರೆ ಅದು ನಿಲ್ಲುತ್ತದೆ. ಇಲ್ಲಿ ಮುಖ್ಯವಾದ ಷರತ್ತು, ವಿಚ್ಛೇದನದ ಅರ್ಜಿ ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರಾದರೂ ಬದುಕಿದ್ದಾಗ ನ್ಯಾಯಾಲಯದಲ್ಲಿ ದಾಖಲಾಗಿರಬೇಕು ಎಂಬುದು. ನಿಮ್ಮ ತಂಗಿಯ ವಿಚ್ಛೇದನ 2021ರಲ್ಲೇ ಮುಗಿದಿರುವುದರಿಂದ ಆ ಷರತ್ತು ಪೂರೈಸಿದಂತಾಯಿತು. ಹಿರಿಯರ ಸಮ್ಮುಖದಲ್ಲಿ ಕಾಗದ ಬರೆದುಕೊಂಡು ಬೇರೆಯಾದ ಹೆಣ್ಣುಮಕ್ಕಳು ಈ ಹಕ್ಕನ್ನು ಕಳೆದುಕೊಂಡಿರುವುದನ್ನು ನಾನು ಕಂಡಿದ್ದೇನೆ, ಪಿಂಚಣಿ ಕಚೇರಿಗೆ ನ್ಯಾಯಾಲಯದ ಡಿಕ್ರಿಯೇ ಬೇಕು. ಡಿಕ್ರಿಯ ದೃಢೀಕೃತ ಪ್ರತಿಯನ್ನು ಈಗಲೇ ಪಡೆದು ಡಿಸ್ಚಾರ್ಜ್ ಬುಕ್ ಜೊತೆಗೇ ಇಡಿ. ತಂಗಿಯ ಜನನ ಪಾರ್ಟ್ ಟು ಆರ್ಡರಿನಲ್ಲಿ ಪ್ರಕಟವಾಗಿದೆಯೇ ಎಂದೂ ನೋಡಿ, ಇಲ್ಲದಿದ್ದರೆ ತಾಯಿಯವರ ಹೆಸರಿನ ತಿದ್ದುಪಡಿಗೆ ಬರೆಯುವಾಗಲೇ ಅದನ್ನೂ ಕೇಳಿ. ತಾಯಿ ಬದುಕಿರುವಾಗ ಅವರ ಸಹಿಯಿಂದ ಸುಲಭವಾಗಿ ಆಗುವ ಕೆಲಸ, ಅವರ ನಂತರ ಮಗಳೊಬ್ಬಳೇ ನಿಂತು ಸಾಬೀತುಪಡಿಸಬೇಕಾದ ದಾವೆಯಾಗುತ್ತದೆ. ಇಸಿಎಚ್‌ಎಸ್‌ನಲ್ಲಿಯೂ, ಆದಾಯದ ಮಿತಿಯೊಳಗಿದ್ದರೆ, ತಂಗಿಯನ್ನು ಅವಲಂಬಿತಳಾಗಿ ಸೇರಿಸಬಹುದು.

ಎರಡನೆಯದು ಅಂಗವೈಕಲ್ಯ. ತಂದೆಯವರ ಪಿಂಚಣಿಯಲ್ಲಿ ಸೇವಾ ಅಂಶದ ಜೊತೆ ಅಂಗವೈಕಲ್ಯದ ಅಂಶ ಸಿಗುತ್ತಿತ್ತೇ, ಸಿಗುತ್ತಿದ್ದರೆ ಶೇಕಡಾ 20ರ ದರದಲ್ಲೋ 50ರ ದರದಲ್ಲೋ ಎಂಬುದನ್ನು ಪಿಪಿಒದಲ್ಲಿ ನೋಡಬೇಕು. 50ಕ್ಕಿಂತ ಕಡಿಮೆ ಇರುವ ಅಂಗವೈಕಲ್ಯವನ್ನು 50ಕ್ಕೆ ಏರಿಸಿ ಲೆಕ್ಕ ಹಾಕುವ ಸೌಲಭ್ಯವನ್ನು ಸರ್ಕಾರ 1996ರ ಜನವರಿ 1ರಿಂದ ಅನ್ವಯವಾಗುವಂತೆ ತಂದಿತಾದರೂ, ಅನಾರೋಗ್ಯದ ಕಾರಣದಿಂದಲೇ ಸೇವೆಯಿಂದ ಬಿಡುಗಡೆಯಾದವರಿಗೆ ಮಾತ್ರ ಅದನ್ನು ಕೊಡುತ್ತಿತ್ತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲಬೇಕೆಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ತೀರ್ಪಿತ್ತಿತು. ತಂದೆಯವರಿಗೆ ಕೊನೆಯವರೆಗೂ 20ರ ದರವೇ ಸಂದಿದ್ದರೆ, ವ್ಯತ್ಯಾಸದ ಬಾಕಿಯನ್ನು ಕೇಳಲು ಅವಕಾಶವಿದೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ 2007ರ ಕಾಯಿದೆ ನಿವೃತ್ತ ಸೈನಿಕರಿಗಷ್ಟೇ ಅಲ್ಲದೆ ಅವರ ಅವಲಂಬಿತರಿಗೂ ವಾರಸುದಾರರಿಗೂ ಅನ್ವಯಿಸುತ್ತದೆ. ಕರ್ನಾಟಕದವರಾದರೆ ಕೊಚ್ಚಿಯ ಪೀಠದ ವ್ಯಾಪ್ತಿಗೆ ಬರುತ್ತೀರಿ. ಬಾಕಿಯನ್ನು ಸಾಮಾನ್ಯವಾಗಿ ಅರ್ಜಿ ಸಲ್ಲಿಸುವುದಕ್ಕೆ ಹಿಂದಿನ ಮೂರು ವರ್ಷಗಳಿಗಷ್ಟೇ ಸೀಮಿತಗೊಳಿಸುತ್ತಾರೆ, ಆದ್ದರಿಂದ ತಡಮಾಡಿದಷ್ಟೂ ತಿಂಗಳುಗಳು ಕೈತಪ್ಪುತ್ತವೆ.

ಒಂದು ಮಾತನ್ನು ಸ್ಪಷ್ಟಪಡಿಸಿಬಿಡುತ್ತೇನೆ. ಅಂಗವೈಕಲ್ಯದ ಅಂಶ ಕುಟುಂಬ ಪಿಂಚಣಿಗೆ ಮುಂದುವರಿಯುವುದಿಲ್ಲ. ಸೇವೆಗೆ ಸಂಬಂಧಿಸಿದ ಕಾರಣದಿಂದ ಮರಣವಾದಾಗ ಸಿಗುವ ಶೇಕಡಾ 60ರ ವಿಶೇಷ ಕುಟುಂಬ ಪಿಂಚಣಿ ಬೇರೆ, ಯುದ್ಧದಂಥ ಸಂದರ್ಭದಲ್ಲಿ ಮಡಿದವರ ಕುಟುಂಬಕ್ಕೆ ಸಲ್ಲುವ ಶೇಕಡಾ 100ರ ಉದಾರೀಕೃತ ಕುಟುಂಬ ಪಿಂಚಣಿ ಬೇರೆ. ಮೊಣಕಾಲಿನ ಪೆಟ್ಟಿಗೂ ಹೃದಯಾಘಾತಕ್ಕೂ ಸಂಬಂಧ ಕಲ್ಪಿಸಿ ವಿಶೇಷ ಪಿಂಚಣಿ ಕೊಡಿಸುತ್ತೇವೆಂದು ಯಾರಾದರೂ ಮುಂಗಡ ಹಣ ಕೇಳಿದರೆ ಕೊಡಬೇಡಿ. ಸೈನಿಕ ಕಲ್ಯಾಣ ಕಚೇರಿಯ ನೆರವು ಉಚಿತ, ಸ್ಪರ್ಶ್‌ನ ಪಾಸ್‌ವರ್ಡನ್ನಾಗಲಿ ಒಟಿಪಿಯನ್ನಾಗಲಿ ಕೇಳುವ ಹಕ್ಕು ಯಾವ ಮಧ್ಯವರ್ತಿಗೂ ಇಲ್ಲ.

ಉತ್ತರ: ಹವಾಲ್ದಾರರ ಹಿರಿಯ ಮಗಳು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಮ್ಮ ತಾಯಿಯ ಪರವಾಗಿ ಕೃತಜ್ಞತೆಗಳು. ಸುಬೇದಾರ್ ಸಾಹೇಬರು ಬರೆದುದನ್ನು ಅವರಿಗೆ ಎರಡು ಬಾರಿ ಓದಿ ಹೇಳಿದೆ. ಹೆಸರು ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದರು ಎಂಬಲ್ಲಿಗೆ ಬಂದಾಗ, ತಮ್ಮನ್ನು ತವರಿನಲ್ಲಿ ಶಾಂತವ್ವ ಎಂದೇ ಕರೆಯುತ್ತಿದ್ದರು, ಮದುವೆಯಾದ ಹೊಸತರಲ್ಲಿ ತಂದೆಯವರೂ ಹಾಗೆಯೇ ಕರೆಯುತ್ತಿದ್ದರು ಎಂದು ತಾಯಿ ಹೇಳಿದರು. ಅವರು ತಪ್ಪು ಹೆಸರು ಕೊಟ್ಟಿರಲಿಲ್ಲ, ತಮಗೆ ಗೊತ್ತಿದ್ದ ಹೆಸರನ್ನೇ ಕೊಟ್ಟಿದ್ದರು.

ನಿನ್ನೆ ಟ್ರಂಕನ್ನು ಪೂರ್ತಿ ಖಾಲಿ ಮಾಡಿ ನೋಡಿದೆವು. ಅಡಿಯಲ್ಲಿ ಹಾಸಿದ್ದ ಹಳೆಯ ವೃತ್ತಪತ್ರಿಕೆಯ ಕೆಳಗೆ ಪಿಪಿಒ ಇತ್ತು. ಅದರಲ್ಲಿ ಕುಟುಂಬ ಪಿಂಚಣಿಗೆ "ಶಾಂತವ್ವ, ಪತ್ನಿ" ಎಂದು ನಮೂದಾಗಿದೆ. ಅಂಗವೈಕಲ್ಯದ ಅಂಶ ಶೇಕಡಾ 20 ಎಂದೇ ಇದೆ, ನಂತರ ಅದು ಏರಿತ್ತೇ ಎಂದು ತಿಳಿಯಲು ಸ್ಪರ್ಶ್‌ನ ಪಿಂಚಣಿ ಚೀಟಿ ತೆಗೆಸುತ್ತೇವೆ. ತಂಗಿಯ ಜನನದ ನಮೂದು ಡಿಸ್ಚಾರ್ಜ್ ಬುಕ್‌ನಲ್ಲಿ ಪಾರ್ಟ್ ಟು ಆರ್ಡರಿನ ಸಂಖ್ಯೆಯ ಸಮೇತ ಸಿಕ್ಕಿತು. ಸೋಮವಾರ ತಾಯಿಯನ್ನು ಕರೆದುಕೊಂಡು ಮೊದಲು ನೋಟರಿಯವರಲ್ಲಿಗೆ, ಅಲ್ಲಿಂದ ಸೈನಿಕ ಕಲ್ಯಾಣ ಕಚೇರಿಗೆ ಹೋಗುತ್ತಿದ್ದೇವೆ. ಅಫಿಡವಿಟ್ಟಿನ ಕರಡಿನಲ್ಲಿ ಎರಡೂ ಹೆಸರುಗಳ ಕಾಗುಣಿತವನ್ನು ನಾನೂ ತಂಗಿಯೂ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದ್ದೇವೆ.